ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಬಜೆಟ್ ಪುಸ್ತಕ ಓದುವುದು ಹೇಗೆ ಅಂತ ಜನರಿಗೆ ಹೇಳಿಕೊಡುವುದು ನನ್ನ ಕೆಲಸ. ಸಭೆ ಮುಗಿದು ಕುರ್ಚಿ ಎತ್ತಿಡುವ ಹೊತ್ತಿಗೆ ಯಾರಾದರೂ ಒಬ್ಬರು ಹತ್ತಿರ ಬರುತ್ತಾರೆ. ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹೊಸಬರು ಬಂದು ಇಷ್ಟು ದಿನ ಆಯ್ತು. ಏನು ಕೇಳಿದರೂ ಹಿಂದಿನವರು ಹಾಳು ಮಾಡಿ ಹೋದರು ಅಂತಾರೆ. ಇದನ್ನ ಎಲ್ಲಿಯವರೆಗೆ ನಂಬೋದು?"

ಹೊಸ ಸರ್ಕಾರಕ್ಕೆ ಓಟು ಹಾಕದವರು ಇದನ್ನು ಸಿಟ್ಟಿನಲ್ಲಿ ಕೇಳುತ್ತಾರೆ. ಓಟು ಹಾಕಿದವರು ದನಿ ತಗ್ಗಿಸಿ ಕೇಳುತ್ತಾರೆ. ನನಗೆ ಸಂಕಟ ಆಗುವುದು ಈ ಎರಡನೆಯವರನ್ನು ಕಂಡು. ಒಬ್ಬ ಹೆಂಗಸು ನಾನು ಹಂಚಿದ್ದ ಹಾಳೆಯನ್ನು ಕೈಯಲ್ಲಿ ಸುರುಳಿ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದರು. "ನಾನೊಬ್ಬಳೇ ಹಾಕಿದ್ದರೆ ಪರವಾಗಿರಲಿಲ್ಲ. ಬೇಡ ಬೇಡ ಅಂತಿದ್ದ ಅಣ್ಣನ್ನೂ ಒಪ್ಪಿಸಿ ಹಾಕಿಸಿದೆ. ಈಗ ಟಿವಿಯಲ್ಲಿ ಅವರು ಬಂದು ಹಿಂದಿನವರನ್ನ ಬೈಯೋಕೆ ಶುರು ಮಾಡಿದ ತಕ್ಷಣ ಅಣ್ಣ ನನ್ನ ಮುಖ ನೋಡ್ತಾನೆ" ಅಂದರು. ಅಣ್ಣ ಏನೂ ಅನ್ನುವುದಿಲ್ಲವಂತೆ. ಸುಮ್ನೆ ನೋಡುತ್ತಾರಂತೆ.

ಅವತ್ತು ಅವರಿಗೆ ಸರಿಯಾಗಿ ಉತ್ತರ ಕೊಡಲು ಸಮಯ ಸಾಲಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಕುಣಿಯಲಾರದವಳಿಗೆ ನೆಲ ಡೊಂಕು ಅಂತ ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿರಬಹುದು. ಇದನ್ನು ಮೊದಲು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಹೊಸಬರಿಗೆ ಅನ್ಯಾಯ ಆಗುತ್ತದೆ. ಹಿಂದಿನವರು ಮಾಡಿದ ಸಾಲಕ್ಕೆ ಇವರೇ ಬಡ್ಡಿ ಕಟ್ಟಬೇಕು. ಅವರು ಸಹಿ ಹಾಕಿದ ಗುತ್ತಿಗೆಯನ್ನು ಇವರು ಹರಿದು ಬಿಸಾಡಲು ಆಗುವುದಿಲ್ಲ. ಸಂಬಳ, ಪಿಂಚಣಿ ಯಾರು ಬಂದರೂ ನಿಲ್ಲುವುದಿಲ್ಲ. ಕೊನೆಗೆ ಮೊದಲ ವರ್ಷದ ಬಜೆಟ್ಟೂ ಬಹಳ ಕಡೆ ಹಿಂದಿನವರದ್ದೇ. ಅಮೆರಿಕದಲ್ಲಿ ಹೊಸ ಅಧ್ಯಕ್ಷರು ಜನವರಿ 20ಕ್ಕೆ ಬರುತ್ತಾರೆ, ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಅಲ್ಲಿಯವರೆಗೆ ಓಡುವುದು ಹೆಚ್ಚಾಗಿ ಹಳೆಯ ಲೆಕ್ಕವೇ. 2009ರಲ್ಲಿ ಬರಾಕ್ ಒಬಾಮಾ ಪ್ರಮಾಣವಚನ ತೆಗೆದುಕೊಳ್ಳುವ ಸುಮಾರು ಎರಡು ವಾರ ಮೊದಲೇ ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಆ ವರ್ಷದ ಕೊರತೆ, ಅಂದರೆ ವರಮಾನ ಮೀರಿದ ಖರ್ಚು, 1.2 ಲಕ್ಷ ಕೋಟಿ ಡಾಲರ್ ಆಗುತ್ತದೆ ಅಂತ ಹೇಳಿತ್ತು. ಅವರು ಇನ್ನೂ ಕುರ್ಚಿಯಲ್ಲಿ ಕೂತೇ ಇರಲಿಲ್ಲ. ಅದನ್ನು ಅವರ ತಲೆಗೆ ಕಟ್ಟುವುದು ತಪ್ಪು.

ಜನಕ್ಕೆ ಇದು ಅರ್ಥ ಆಗುವುದಿಲ್ಲ ಅಂತ ಅನೇಕ ನಾಯಕರು ಅಂದುಕೊಂಡಿರುತ್ತಾರೆ. ಅದಕ್ಕೇ ಮತ್ತೆ ಮತ್ತೆ ಹೇಳುತ್ತಾರೆ. ಆದರೆ ಜನಕ್ಕೆ ಚೆನ್ನಾಗಿ ಅರ್ಥ ಆಗಿರುತ್ತದೆ. 2010ರ ಪ್ರಚಾರದಲ್ಲಿ ಒಬಾಮಾ ಹೋದಲ್ಲೆಲ್ಲ ಒಂದು ಕಥೆ ಹೇಳುತ್ತಿದ್ದರು. ಎದುರಿನ ಪಕ್ಷದವರು ಕಾರನ್ನು ಹಳ್ಳಕ್ಕೆ ಇಳಿಸಿದರು, ನಾವು ಕೆಸರಲ್ಲಿ ನಿಂತು ತಳ್ಳಿ ಮೇಲೆ ತಂದೆವು, ಈಗ ಅವರು ಮತ್ತೆ ಕೀಲಿ ಕೊಡಿ ಅಂತಿದ್ದಾರೆ ಅಂತ. ಕಥೆ ಚೆನ್ನಾಗಿತ್ತು, ಜನ ನಂಬಿಯೂ ಇದ್ದರು. 2012ರಲ್ಲಿ ಗ್ಯಾಲಪ್ ಸಂಸ್ಥೆ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಕೇಳಿದಾಗಲೂ ಆರ್ಥಿಕ ಕಷ್ಟಕ್ಕೆ ಒಬಾಮಾಗಿಂತ ಹಿಂದಿನ ಅಧ್ಯಕ್ಷ ಜಾರ್ಜ್ ಬುಷ್ ಮೇಲೆ ತಪ್ಪು ಹೊರಿಸಿದವರೇ ಜಾಸ್ತಿ. ಆದರೂ 2010ರ ನವೆಂಬರ್‌ನಲ್ಲಿ ಅವರ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತು. ಅದಕ್ಕೂ ವರ್ಷದ ಹಿಂದೆ, 2009ರ ಅಕ್ಟೋಬರ್‌ನಲ್ಲಿ, ನಿರುದ್ಯೋಗ ಶೇ 10 ಮುಟ್ಟಿತ್ತು. ಚುನಾವಣೆ ಹೊತ್ತಿಗೂ ಹೆಚ್ಚೇನೂ ಇಳಿದಿರಲಿಲ್ಲ. ಕಾರು ಹಳ್ಳಕ್ಕೆ ಬಿದ್ದದ್ದು ಯಾರಿಂದ ಅಂತ ಗೊತ್ತಿದ್ದವರೂ, ನಾನು ಇನ್ನೂ ಮನೆ ಮುಟ್ಟಿಲ್ಲವಲ್ಲ ಅಂತ ಕೇಳಿದರು. ಎರಡು ವರ್ಷದ ಮೇಲೆ ಕೆಲಸ ಇಲ್ಲದವರ ಸಂಖ್ಯೆ ಶೇ 8ಕ್ಕಿಂತ ಕೆಳಗೆ ಬಂದಾಗ ಅದೇ ಒಬಾಮಾ ಮತ್ತೆ ಗೆದ್ದರು.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಹಿಂದಿನವರು ಹಾಳು ಮಾಡಿದ್ದಾರೆ ಅನ್ನುವುದು ಹೊಸ ನಾಯಕನ ನೇಮಕಾತಿ ಪತ್ರ. ಆ ಪತ್ರ ಹಿಡಿದುಕೊಂಡೇ ಅವರು ಒಳಗೆ ಬಂದದ್ದು. ಎಲ್ಲ ಸರಿ ಇದ್ದಿದ್ದರೆ ಇವರನ್ನು ಯಾರು ಕರೆಯುತ್ತಿದ್ದರು? ಪ್ರಚಾರದ ವೇದಿಕೆಯಲ್ಲಿ ನಿಂತು "ಎಲ್ಲ ಹಾಳಾಗಿದೆ, ನಾನು ಸರಿ ಮಾಡ್ತೀನಿ" ಅಂದದ್ದು ಇವರೇ. ಒಳಗೆ ಬಂದ ಮೇಲೆ ಅದೇ ಪತ್ರವನ್ನು ರಜಾ ಚೀಟಿ ಮಾಡಿಕೊಂಡು ದಿನಾ ತೋರಿಸಿದರೆ ಕರೆದವರ ಹೊಟ್ಟೆ ಉರಿಯದೆ ಇರುತ್ತಾ? ಹಾಳಾಗಿದೆ ಅಂತ ಗೊತ್ತಿದ್ದೇ ಭರವಸೆ ಕೊಟ್ಟಿದ್ದರೆ ಅದನ್ನು ಉಳಿಸಿಕೊಳ್ಳಬೇಕು. ಗೊತ್ತಿಲ್ಲದೆ ಕೊಟ್ಟಿದ್ದರೆ, ಗೊತ್ತಿಲ್ಲದೆ ಯಾಕೆ ಕೊಟ್ಟಿರಿ ಅಂತ ಕೇಳುವ ಹಕ್ಕು ಓಟು ಹಾಕಿದವರಿಗಿದೆ.

ಗ್ರೀಸ್ ದೇಶದ್ದು ಇದಕ್ಕೆ ಬಹಳ ನೋವಿನ ಉದಾಹರಣೆ. 2009ರ ಚುನಾವಣೆಯಲ್ಲಿ ಯೋರ್ಗೋಸ್ ಪಾಪಂಡ್ರೂ "ದುಡ್ಡಿದೆ" ಅಂತ ಹೇಳಿ ಗೆದ್ದರು. ಅಕ್ಟೋಬರ್‌ನಲ್ಲಿ ಒಳಗೆ ಹೋಗಿ ಲೆಕ್ಕ ತೆಗೆದರೆ, ಹಿಂದಿನ ಸರ್ಕಾರ ಹೇಳಿದ್ದಕ್ಕಿಂತ ಕೊರತೆ ಎರಡು ಪಟ್ಟು. ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ಶೇ 12ಕ್ಕೂ ಜಾಸ್ತಿ. ಆಮೇಲೆ ಪರಿಷ್ಕರಿಸಿದಾಗ ಶೇ 15 ದಾಟಿತು. ಹಿಂದಿನವರು ಲೆಕ್ಕ ಮುಚ್ಚಿಟ್ಟಿದ್ದರು ಅನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಬಳ ಕಡಿತ, ಪಿಂಚಣಿ ಕಡಿತ, ಹೊಸ ತೆರಿಗೆ ಎಲ್ಲ ಬಂತು. ಆದರೆ ಜನರ ಕಿವಿಯಲ್ಲಿ ಉಳಿದದ್ದು "ದುಡ್ಡಿದೆ" ಅನ್ನುವ ಮಾತು. 2011ರ ನವೆಂಬರ್‌ನಲ್ಲಿ ಪಾಪಂಡ್ರೂ ರಾಜೀನಾಮೆ ಕೊಟ್ಟರು. ಶೇ 44ರಷ್ಟು ಮತ ಪಡೆದಿದ್ದ ಅವರ ಪಕ್ಷ 2012ರ ಮೇ ತಿಂಗಳಲ್ಲಿ ಶೇ 13ಕ್ಕೆ ಕುಸಿಯಿತು. ಆ ಚುನಾವಣೆಯಲ್ಲಿ ಮೊದಲ ಸ್ಥಾನಕ್ಕೆ ಬಂದ ಪಕ್ಷ ಯಾವುದು ಗೊತ್ತಾ? ಲೆಕ್ಕ ಮುಚ್ಚಿಟ್ಟಿದ್ದ ಹಳೆಯ ಸರ್ಕಾರದ್ದೇ ಪಕ್ಷ. ಅದಕ್ಕೂ ಸಿಕ್ಕಿದ್ದು ಶೇ 19ರಷ್ಟು ಮತ ಮಾತ್ರ. ಜನ ಯಾರನ್ನೂ ಕ್ಷಮಿಸಿರಲಿಲ್ಲ.

ಹಾಗಾದರೆ ನಾಯಕರು ಏನು ಮಾಡಬೇಕು, ಹಿಂದಿನವರ ತಪ್ಪನ್ನು ನುಂಗಿಕೊಳ್ಳಬೇಕಾ ಅಂತ ಕೇಳುತ್ತಾರೆ. ನುಂಗಿಕೊಂಡವರೂ ಇದ್ದಾರೆ. ಕ್ಯೂಬಾದ ಪಿಗ್ಸ್ ಕೊಲ್ಲಿಯಲ್ಲಿ ಅಮೆರಿಕ ಮಾಡಿಸಿದ ದಾಳಿಯ ಯೋಜನೆ ಶುರುವಾದದ್ದು ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ. 1961ರ ಏಪ್ರಿಲ್‌ನಲ್ಲಿ ಅದು ನೆಲಕಚ್ಚಿದಾಗ ಜಾನ್ ಕೆನಡಿ ಬಂದು ಮೂರು ತಿಂಗಳು ಆಗಿತ್ತು ಅಷ್ಟೇ. ಹಿಂದಿನವರ ಕಡೆ ಬೆರಳು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಗಲಿಕ್ಕಿಲ್ಲ. ಅವರು ಪತ್ರಕರ್ತರ ಮುಂದೆ ನಿಂತು, ಸರ್ಕಾರದಲ್ಲಿ ಇದಕ್ಕೆ ಹೊಣೆ ನಾನೇ ಅಂದರು. ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ಶೇ 83ಕ್ಕೆ ಏರಿದರು. ಅಷ್ಟು ದೊಡ್ಡ ಸೋಲಿನ ಬೆನ್ನಿಗೇ!

ಆದರೆ ನನಗೆ ಇನ್ನೂ ಇಷ್ಟವಾಗುವುದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಮೊದಲ ದಿನಗಳು. 1933ರ ಮಾರ್ಚ್ 4ಕ್ಕೆ ಅವರು ಅಧಿಕಾರ ವಹಿಸಿಕೊಂಡರು. ನಾಲ್ಕರಲ್ಲಿ ಒಬ್ಬ ಕೆಲಸಗಾರನಿಗೆ ಕೆಲಸ ಇರಲಿಲ್ಲ. ಒಂದೊಂದೇ ರಾಜ್ಯದಲ್ಲಿ ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು. ಜನ ದುಡ್ಡು ತೆಗೆದು ಮನೆಯಲ್ಲಿ ಬಚ್ಚಿಡುತ್ತಿದ್ದರು. ಮಾರ್ಚ್ 6ಕ್ಕೆ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ. 9ಕ್ಕೆ ಹೊಸ ಕಾನೂನು ಪಾಸಾಯಿತು. 12ನೇ ತಾರೀಖು ಭಾನುವಾರ ರಾತ್ರಿ ಅವರು ರೇಡಿಯೋದಲ್ಲಿ ಮಾತಾಡಿದರು. ನೀವು ಬ್ಯಾಂಕಿನಲ್ಲಿ ಇಟ್ಟ ದುಡ್ಡು ಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿರುವುದಿಲ್ಲ, ಸಾಲವಾಗಿ ಹೊರಗೆ ಹೋಗಿರುತ್ತದೆ, ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಷ್ಟೇ ಗಟ್ಟಿ ಬ್ಯಾಂಕೂ ಕೊಡಲಾಗದು ಅಂತ ಪಾಠ ಹೇಳುವ ಹಾಗೆ ವಿವರಿಸಿದರು. ಯಾವ ಊರಿನ ಬ್ಯಾಂಕು ಯಾವ ದಿನ ತೆರೆಯುತ್ತದೆ ಅಂತಲೂ ಹೇಳಿದರು. ಹಾಸಿಗೆ ಕೆಳಗೆ ಇಡುವುದಕ್ಕಿಂತ ತೆರೆದ ಬ್ಯಾಂಕಿನಲ್ಲಿ ಇಡುವುದು ಭದ್ರ ಅಂದರು. ಕೆಲವು ಬ್ಯಾಂಕಿನವರ ತಪ್ಪನ್ನು ಹೇಳಿದರು. ಹಿಂದಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಹೆಸರು ಮಾತ್ರ ಬರಲಿಲ್ಲ. ಮರುದಿನ ಬೆಳಿಗ್ಗೆ ಬ್ಯಾಂಕಿನ ಮುಂದೆ ಮತ್ತೆ ಸಾಲು ನಿಂತಿತು, ಈ ಸಲ ದುಡ್ಡು ಕಟ್ಟುವವರ ಸಾಲು.

ಇದರ ಹಿಂದೆ ಇನ್ನೊಂದು ವಿಷಯ ಇದೆ. ಆ ಕಾನೂನಿನ ಬಹುಪಾಲು ಕೆಲಸ ಮಾಡಿದವರು ಹೂವರ್ ಸರ್ಕಾರದ ಖಜಾನೆ ಅಧಿಕಾರಿಗಳು. ಅಧಿಕಾರ ಹೋದ ಮೇಲೂ ಅವರು ಹೊರಡದೆ ಕೂತು ಸಹಾಯ ಮಾಡಿದರು. ಹೂವರ್‌ಗೂ ರೂಸ್‌ವೆಲ್ಟ್‌ಗೂ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಆದರೂ ಹಿಂದಿನವರ ಕಡತದಲ್ಲಿ ಒಳ್ಳೆಯದು ಇದ್ದರೆ ತೆಗೆದುಕೊಂಡರು. ಬೆಳಗಿಂದ ಸಂಜೆವರೆಗೆ ಬೈಯುತ್ತಿದ್ದರೆ ಈ ದಾರಿ ಮುಚ್ಚಿಹೋಗುತ್ತಿತ್ತು. ರೂಸ್‌ವೆಲ್ಟ್ ಹಿಂದಿನವರನ್ನು ಬೈಯಲೇ ಇಲ್ಲ ಅಂತ ಅಲ್ಲ. 1936ರ ಪ್ರಚಾರದಲ್ಲಿ ಚೆನ್ನಾಗಿಯೇ ಬೈದರು. ಆದರೆ ಅಷ್ಟರಲ್ಲಿ ಮೂರೂವರೆ ವರ್ಷದ ಕೆಲಸ ಕಣ್ಣ ಮುಂದೆ ಇತ್ತು.

ಹಾಗಾಗಿ "ಹಿಂದಿನವರು" ಅನ್ನುವ ಪದ ಕೇಳಿದ ತಕ್ಷಣ ಟಿವಿ ಆಫ್ ಮಾಡಬೇಡಿ ಅಂತ ನಾನು ಹೇಳುತ್ತೇನೆ. ಅದರ ಮುಂದಿನ ವಾಕ್ಯ ಏನು ಅಂತ ಕೇಳಿಸಿಕೊಳ್ಳಿ. "ಹಿಂದಿನವರು ಇಷ್ಟು ಬಾಕಿ ಬಿಟ್ಟು ಹೋಗಿದ್ದಾರೆ, ಅದರಲ್ಲಿ ಇಷ್ಟನ್ನು ಈ ತಾರೀಖಿನ ಒಳಗೆ ತೀರಿಸುತ್ತೇವೆ" ಅಂದರೆ ಅದು ಲೆಕ್ಕ ಒಪ್ಪಿಸುವ ಮಾತು. "ಹಿಂದಿನವರು ಹಾಳು ಮಾಡಿದರು" ಅಂತ ಪೂರ್ಣವಿರಾಮ ಹಾಕಿದರೆ ಮಾತು ಅಲ್ಲೇ ಮುಗಿಯಿತು, ಕೆಲಸವೂ ಅಲ್ಲೇ ನಿಂತಿತು ಅಂತ ತಿಳಿಯಬಹುದು.

ಇನ್ನೊಂದು, ಒಂದೇ ಮಾತು ಎಷ್ಟು ವರ್ಷ ಬರುತ್ತಿದೆ ಅಂತ ಗಮನಿಸಿ. 2010ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರ ಬದಲಾದಾಗ, ಹೊರಟುಹೋಗುತ್ತಿದ್ದ ಖಜಾನೆ ಮಂತ್ರಿ ಲಿಯಾಮ್ ಬರ್ನ್ ತಮ್ಮ ನಂತರ ಬರುವವರಿಗೆ ಒಂದು ಚೀಟಿ ಬರೆದಿಟ್ಟರು: ಕ್ಷಮಿಸಿ, ದುಡ್ಡಿಲ್ಲ ಅಂತ. ಹೋಗುವವರು ಬರುವವರಿಗೆ ಹೀಗೆ ಒಂದು ಸಾಲು ಬರೆದಿಡುವುದು ಅಲ್ಲಿ ಹಳೆಯ ರೂಢಿ. ಹೊಸಬರು ಅದನ್ನು ಬಹಿರಂಗ ಮಾಡಿದರು. 2015ರ ಚುನಾವಣೆಯಲ್ಲೂ ಪ್ರಧಾನಿ ಡೇವಿಡ್ ಕ್ಯಾಮರೂನ್ ಜೇಬಿನಿಂದ ಅದೇ ಚೀಟಿ ತೆಗೆದು ತೋರಿಸುತ್ತಿದ್ದರು. ಐದು ವರ್ಷ! ಅವರು ಆ ಚುನಾವಣೆ ಗೆದ್ದರು, ಅದನ್ನೂ ಹೇಳಬೇಕು. ಬೈಗುಳದಿಂದ ಓಟು ಬರುವುದೇ ಇಲ್ಲ ಅಂತ ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಐದು ವರ್ಷ ಆಡಳಿತ ಮಾಡಿದವರ ಕೈಯಲ್ಲಿ ತಾವು ಮಾಡಿದ್ದರ ಪಟ್ಟಿ ಇರಬೇಕು, ಬೇರೆಯವರು ಬರೆದ ಚೀಟಿ ಅಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಅದೇ ದೇಶದಲ್ಲಿ 2024ರ ಜುಲೈನಲ್ಲಿ ಬಂದ ಹೊಸ ಸರ್ಕಾರ ಮೊದಲ ತಿಂಗಳಲ್ಲೇ, ಹಿಂದಿನವರು ಖಜಾನೆಯಲ್ಲಿ 2,200 ಕೋಟಿ ಪೌಂಡ್ ಗುಂಡಿ ಬಿಟ್ಟುಹೋಗಿದ್ದಾರೆ ಅಂದಿತು. ಆ ಕಾರಣ ಕೊಟ್ಟು, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಸಿಗುತ್ತಿದ್ದ ಹಣವನ್ನು ಸುಮಾರು ಒಂದು ಕೋಟಿ ಪಿಂಚಣಿದಾರರಿಗೆ ನಿಲ್ಲಿಸಿತು. ಸ್ವತಂತ್ರ ಬಜೆಟ್ ಕಚೇರಿ ಪರಿಶೀಲಿಸಿ, ಹಿಂದಿನವರು ತನಗೆ ತಿಳಿಸದೆ ಇದ್ದದ್ದು 950 ಕೋಟಿ ಪೌಂಡ್ ಅಂತ ಹೇಳಿತು. ಅಂದರೆ ದೂರಿನಲ್ಲಿ ಸತ್ಯ ಇತ್ತು, ಆದರೆ ಹೇಳಿದಷ್ಟೂ ಆ ಲೆಕ್ಕದಲ್ಲಿ ಸಿಗಲಿಲ್ಲ. ಬೆಚ್ಚಗಿನ ಮನೆಯ ಹಣವನ್ನು ಮುಂದಿನ ವರ್ಷ ಬಹುತೇಕರಿಗೆ ವಾಪಸ್ ಕೊಡಬೇಕಾಯಿತು. ಗುಂಡಿ ತೋಡಿದ್ದು ಯಾರೇ ಇರಲಿ, ಅದನ್ನು ಯಾರ ಜೇಬಿನಿಂದ ತುಂಬಬೇಕು ಅಂತ ತೀರ್ಮಾನಿಸಿದ್ದು ಹೊಸಬರೇ ಅಲ್ವಾ?

"ಒಳಗೆ ಹೋದ ಮೇಲೇ ಗೊತ್ತಾಯಿತು" ಅನ್ನುವ ಮಾತಿಗೆ ಮದ್ದು ಇದೆ. ನ್ಯೂಜಿಲೆಂಡ್ 1994ರಲ್ಲಿ, ಆಸ್ಟ್ರೇಲಿಯಾ 1998ರಲ್ಲಿ ಕಾನೂನು ಮಾಡಿದವು. ಚುನಾವಣೆಗೆ ಮೊದಲೇ ಖಜಾನೆಯ ನಿಜವಾದ ಸ್ಥಿತಿಯನ್ನು ಪ್ರಕಟಿಸಬೇಕು. ಆಸ್ಟ್ರೇಲಿಯಾದಲ್ಲಿ ಚುನಾವಣೆಯ ಆದೇಶ ಹೊರಟ 10 ದಿನದೊಳಗೆ ಅದು ಬರಬೇಕು, ಸಹಿ ಹಾಕುವುದು ಅಧಿಕಾರಿಗಳು, ಮಂತ್ರಿಗಳಲ್ಲ. ಆ ಎರಡೂ ದೇಶಗಳಲ್ಲಿ ಹೊಸ ಸರ್ಕಾರ ಬಂದು "ಹಿಂದಿನವರು ಮುಚ್ಚಿಟ್ಟಿದ್ದರು" ಅಂತ ಕೂಗಿದ ಮೇಲೇ ಈ ಕಾನೂನು ಬಂದದ್ದು. ದೂರನ್ನು ಕೆಲಸಕ್ಕೆ ತಿರುಗಿಸುವುದು ಅಂದರೆ ಇದು.

ಎಷ್ಟು ದಿನ ಕಾಯಬೇಕು ಅಂದರೆ, ನನ್ನ ಲೆಕ್ಕ ಹೀಗೆ. ಅವರೇ ಬರೆದ ಮೊದಲ ಪೂರ್ತಿ ಬಜೆಟ್ಟಿನ ವರ್ಷ ಮುಗಿಯುವವರೆಗೆ ಹಿಂದಿನವರ ಮೇಲಿನ ದೂರು ಕೇಳಿಸಿಕೊಳ್ಳಬಹುದು. ಆಮೇಲೂ ಹಳೆಯ ಸಾಲದ ಬಡ್ಡಿ ಇದ್ದೇ ಇರುತ್ತದೆ, ಅದನ್ನು ಹೇಳಲಿ. ಆದರೆ ಯಾವುದಕ್ಕೆ ಎಷ್ಟು ಅಂತ ಬರೆದದ್ದು ಆಗ ಅವರ ಕೈಯೇ. ಹೊಸ ಕಟ್ಟಡ ಕಟ್ಟಲು ಹೆಚ್ಚು ಸಮಯ ಬೇಕು, ಒಪ್ಪುತ್ತೇನೆ. ಅರ್ಜಿಗೆ ಉತ್ತರ ಕೊಡಲು, ಬಾಕಿ ಪಟ್ಟಿ ಪ್ರಕಟಿಸಲು, ಸುಳ್ಳು ಹೇಳದೆ ಇರಲು ಅಷ್ಟು ಸಮಯ ಬೇಡ.

ಆ ಹೆಂಗಸಿಗೆ ಅವತ್ತು ಇದರಲ್ಲಿ ಕಾಲು ಭಾಗವನ್ನೂ ಹೇಳಲಿಲ್ಲ. ಮುಂದಿನ ವಾಕ್ಯ ಕೇಳಿಸಿಕೊಳ್ಳಿ, ತಾರೀಖು ಇದೆಯಾ ನೋಡಿ ಅಂದೆ ಅಷ್ಟೇ. ನೀವು ಓಟು ಹಾಕಿದ್ದು ತಪ್ಪಲ್ಲ, ಕೇಳದೆ ಬಿಟ್ಟರೆ ಅಣ್ಣನ ಮುಂದೆ ಇನ್ನೂ ಕಷ್ಟ ಆಗುತ್ತೆ ಅಂದೆ. ಅವರು ಸುರುಳಿ ಸುತ್ತಿದ್ದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಅಂಗೈಯಿಂದ ತೀಡಿ, ನನ್ನ ಪೆನ್ನು ಕೇಳಿ ಇಸಿದುಕೊಂಡರು. ಹಿಂಬದಿಯಲ್ಲಿ, ಪ್ರಚಾರದಲ್ಲಿ ಕೇಳಿದ್ದ ಮೂರು ಭರವಸೆಗಳನ್ನು ಒಂದರ ಕೆಳಗೆ ಒಂದು ಬರೆದರು. ಪ್ರತಿಯೊಂದರ ಮುಂದೆಯೂ ತಾರೀಖಿಗೆ ಅಂತ ಜಾಗ ಬಿಟ್ಟರು.