ಜಾಗ ಸಿಕ್ಕಿದ ಮೀನು, ಬದಲಾದ ಮೆದುಳು

14 ಸೆಪ್ಟೆಂಬರ್ 2024, ಶನಿವಾರ

ಇವತ್ತು ಪೂರ್ತಿ ರಸೆಲ್ ಫರ್ನಾಲ್ಡ್ ಪೇಪರ್‌ಗಳನ್ನ ಓದ್ತಾ ಕೂತಿದ್ದೆ, ಅಡುಗೇನೂ ಸರಿಯಾಗಿ ಮಾಡ್ಲಿಲ್ಲ. ಇವ್ರು ಮೊದಲು ಓದಿದ್ದು ಇಂಜಿನಿಯರಿಂಗ್, ಆಮೇಲೆ ಬಯೋಫಿಸಿಕ್ಸಲ್ಲಿ ಪಿಎಚ್‌ಡಿ, ಹೆಸರು ಮಾಡಿದ್ದು ಸ್ಟ್ಯಾನ್‌ಫರ್ಡಲ್ಲಿ ನ್ಯೂರೋಸೈನ್ಸ್, ಅಂದ್ರೆ ಮೆದುಳು-ನರಗಳ ಕೆಲಸಕ್ಕೆ, ಆದ್ರೆ ನಂಗೆ ಇಷ್ಟ ಆಗೋದು ಇದರ ಮಧ್ಯದ ಭಾಗ. ಜರ್ಮನಿಯ ಸೀವೀಸನ್‌ನಲ್ಲಿ, ಅಂದ್ರೆ ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಕಟ್ಟಿದ ಸಂಸ್ಥೆಯಲ್ಲಿ, ಪ್ರಾಣಿಗಳ ವರ್ತನೆ ಕಲಿತು, ಆಫ್ರಿಕಾದ ಟ್ಯಾಂಗನಿಕಾ ಸರೋವರಕ್ಕೇ ಹೋಗಿ ಬರ್ಟೋನಿ ಅನ್ನೋ ಸಿಕ್ಲಿಡ್ ಬಳಗದ ಬೆರಳುದ್ದದ ಮೀನು ಎಲ್ಲಿ ಇರುತ್ತೆ, ಯಾರ ಜೊತೆ ಇರುತ್ತೆ, ಹೇಗೆ ಬದುಕುತ್ತೆ ಅಂತ ನೋಡಿದ್ರು. 1977ರಲ್ಲಿ ಆ ಫೀಲ್ಡ್ ಸ್ಟಡಿ ಹೊರಗೆ ಬಂತು. ಮೆದುಳಿನ ಮಾತು ಅದರಲ್ಲಿಲ್ಲ, ಪಕ್ಕಾ ಇಕಾಲಜಿ, ಅಂದ್ರೆ ಜೀವಿ ಮತ್ತು ಅದರ ಪರಿಸರದ ಅಧ್ಯಯನ.

ಅಲ್ಲಿ ಕಂಡಿದ್ದು ಏನಂದ್ರೆ ಗಂಡು ಮೀನುಗಳಲ್ಲಿ ಎರಡು ಥರ. ಸ್ವಲ್ಪ ಗಂಡುಗಳಿಗೆ ಮಾತ್ರ ಸ್ವಂತ ಜಾಗ ಇರುತ್ತೆ, ಅವಕ್ಕೆ ಹಳದಿ ಇಲ್ಲಾ ನೀಲಿ ಬಣ್ಣ, ಕಣ್ಣಿಂದ ಕೆಳಗೆ ಎಳೆದಂಗೆ ಒಂದು ಕಪ್ಪು ಗೆರೆ, ಗುಂಡಿ ತೋಡೋದು, ಜಗಳ ಆಡೋದು, ಹೆಣ್ಣನ್ನ ಕರೆಯೋದು. ಮಿಕ್ಕ ಗಂಡುಗಳು ಮಂಕು ಬಣ್ಣದಲ್ಲಿ ಹೆಣ್ಣುಗಳ ಥರಾನೇ ಗುಂಪಲ್ಲಿ ಓಡಾಡ್ಕೊಂಡು ಇರ್ತಾವೆ. ಜಾಗ ಸಿಕ್ಕಿದ್ರೆ ಮಂಕು ಗಂಡು ಬಣ್ಣ ಏರಿಸ್ಕೊಳ್ಳುತ್ತೆ, ಕಳ್ಕೊಂಡ್ರೆ ಇಳಿಸ್ಕೊಳ್ಳುತ್ತೆ. (ನಮ್ಮ ಕೆರೆಗಳ ಜಿಲೇಬಿ ಮೀನೂ ಇದೇ ಬಳಗ, ಆ ಗಂಡುಗಳೂ ಹೀಗೇ ತಳದಲ್ಲಿ ಗುಂಡಿ ತೋಡ್ತಾವೆ, ಬೇಸಿಗೇಲಿ ನೀರು ಇಳಿದಾಗ ದಡದ ಹತ್ರ ತಟ್ಟೆ ತಟ್ಟೆ ಥರ ಕಾಣುತ್ತೆ.)

ಇದನ್ನ ಕಣ್ಣಾರೆ ನೋಡಿದ್ದಕ್ಕೇ ಮುಂದಿನ ಪ್ರಶ್ನೆ ಹುಟ್ಟಿದ್ದು ಅಂತ ನಂಗನ್ಸುತ್ತೆ: ಬಣ್ಣ ಹಿಂಗೆ ಬದಲಾದ್ರೆ ಒಳಗೆ ಏನಾಗ್ತಿದೆ? 1990ರಲ್ಲಿ ಫರ್ನಾಲ್ಡ್ ಅವರು ಡೇವಿಸ್ ಅನ್ನೋ ಸಂಶೋಧಕರ ಜೊತೆ ಬರೆದ ಪೇಪರಲ್ಲಿ ಉತ್ತರ ಇದೆ. ಸಂತಾನೋತ್ಪತ್ತಿ ಹಾರ್ಮೋನುಗಳ ಸರಣಿಯನ್ನ ಶುರು ಮಾಡೋದು ಜಿಎನ್‌ಆರ್‌ಎಚ್ ಅನ್ನೋ ಪದಾರ್ಥ, ಅದನ್ನ ತಯಾರು ಮಾಡೋ ಮೆದುಳಿನ ಜೀವಕೋಶಗಳು ಜಾಗ ಇರೋ ಗಂಡುಗಳಲ್ಲಿ ದೊಡ್ಡದು, ಇಲ್ಲದವುಗಳಲ್ಲಿ ಚಿಕ್ಕದು. ಸ್ಥಾನ ಬದಲಾದ್ರೆ ಕೋಶದ ಗಾತ್ರಾನೂ ಬದಲಾಗುತ್ತೆ, ವೃಷಣಾನೂ ಹಾಗೇ. ಮೆದುಳು ವರ್ತನೆಯನ್ನ ನಡೆಸುತ್ತೆ ಅಂತ ಎಲ್ರೂ ಹೇಳ್ತಾರೆ, ಇಲ್ಲಿ ಸುತ್ತಲಿನ ಸಮಾಜ ಮೆದುಳನ್ನೇ ತಿದ್ದುತ್ತಿದೆ.

2005ರ ಪ್ರಯೋಗ ಓದಿ ನಗು ಬಂತು. ಬೆಳಗ್ಗೆ ಲೈಟ್ ಹಾಕೋ ಮುಂಚೆ, ಕತ್ತಲಲ್ಲೇ, ಟ್ಯಾಂಕಿಂದ ದೊಡ್ಡ ಗಂಡನ್ನ ಎತ್ತಿಬಿಟ್ರು, ಲೈಟ್ ಬಂದಾಗ ಮಂಕು ಗಂಡು ನೋಡುತ್ತೆ, ಯಜಮಾನ ಇಲ್ಲ, ನಿಮಿಷಗಳಲ್ಲೇ ಬಣ್ಣ ಏರಿ ಕಣ್ಣಿನ ಗೆರೆ ಬಂದು ದರ್ಬಾರು ಶುರು. ಮೆದುಳಲ್ಲಿ ಅದೇ ಜಿಎನ್‌ಆರ್‌ಎಚ್ ಕೋಶಗಳು ಇರೋ ಜಾಗದಲ್ಲಿ ಇಜಿಆರ್-1 ಅನ್ನೋ ಜೀನ್ ಚುರುಕಾಗಿತ್ತು. ಯಾರ ಜೊತೆನೂ ಜಗಳ ಗೆದ್ದಿಲ್ಲ, ಖಾಲಿ ಜಾಗ ಕಂಡಿದ್ದಷ್ಟೇ ಸಾಕಾಯ್ತು!

ಇನ್ನೊಂದು 2007ರದ್ದು, ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಬಂದಿದ್ದು. ಒಂದು ಗಂಡಿಗೆ ಬೇರೆ ಐದು ಗಂಡುಗಳ ಜಗಳ ತೋರಿಸಿದ್ರು, ಎ ಬಿಯನ್ನ ಸೋಲಿಸುತ್ತೆ, ಬಿ ಸಿಯನ್ನ, ಸಿ ಡಿಯನ್ನ, ಡಿ ಇಯನ್ನ. ಆಮೇಲೆ ಬಿ ಮತ್ತು ಡಿಯನ್ನ ಒಟ್ಟಿಗೆ ಇಟ್ರೆ, ಇವೆರಡೂ ಎದುರುಬದುರು ಆಗಿದ್ದನ್ನ ಅದು ನೋಡಿಲ್ಲ, ಇಬ್ರೂ ಒಂದೊಂದು ಗೆದ್ದು ಒಂದೊಂದು ಸೋತವರೇ, ಆದ್ರೂ ನೋಡ್ತಿದ್ದ ಮೀನು ಕೈಲಾಗದ ಡಿ ಕಡೆಗೇ ಹೋಗುತ್ತೆ. ಅಂದ್ರೆ ಬಿ ಸಿಗಿಂತ ಗಟ್ಟಿ, ಸಿ ಡಿಗಿಂತ ಗಟ್ಟಿ, ಹಾಗಾದ್ರೆ ಬಿ ಡಿಗಿಂತ ಗಟ್ಟಿ ಅಂತ ಲೆಕ್ಕ ಹಾಕಿದೆ. ಮಕ್ಕಳಿಗೆ ಇದನ್ನ ಕಲಿಸೋಕೆ ಎಷ್ಟು ಕಷ್ಟಪಡ್ತೀವಿ ಅಲ್ವಾ.

ಇದನ್ನ ಓದಿದವರೆಲ್ಲ ತಕ್ಷಣ ಆಫೀಸು, ಪ್ರಮೋಷನ್ನು, ಬಾಸು ಅಂತ ಶುರು ಮಾಡ್ತಾರೆ, ನನ್ ಗಂಡಾನೂ ಅದನ್ನೇ ಹೇಳಿದ್ರು, ನಂಗೆ ಅದು ಹಿಡಿಸಲ್ಲ. ಇದು ಜಾಗ ಕಮ್ಮಿ ಇರೋ, ಜಾಗ ಇಲ್ಲದೆ ಗಂಡಿಗೆ ಮರಿ ಆಗದ ಒಂದು ಮೀನಿನ ಕಥೆ, ಅದರ ಸರೋವರ ಬಿಟ್ಟು ಹೇಳಿದ್ರೆ ಅರ್ಥಾನೇ ಇಲ್ಲ. ಫರ್ನಾಲ್ಡ್ ಸರೋವರಕ್ಕೆ ಹೋಗದೆ ಟ್ಯಾಂಕಲ್ಲೇ ಶುರು ಮಾಡಿದ್ದಿದ್ರೆ ಮಂಕು ಗಂಡುಗಳನ್ನ ಕಾಯಿಲೆ ಮೀನು ಅಂತ ಪಕ್ಕಕ್ಕೆ ಹಾಕ್ತಿದ್ರೋ ಏನೋ.

ನಮ್ಮ ಕರಾವಳಿ ಹಿನ್ನೀರಿನ ಕರಿಮೀನೂ ಸಿಕ್ಲಿಡ್ಡೇ, ಆದ್ರೆ ಅದರ ಸಂಸಾರ ಬೇರೆ, ಗಂಡು ಹೆಣ್ಣು ಇಬ್ರೂ ಸೇರಿ ಮರಿ ಕಾಯ್ತಾವೆ. ಅಂಥ ಜೋಡಿಯಲ್ಲಿ ಒಂದನ್ನ ಎತ್ತಿಬಿಟ್ರೆ ಇನ್ನೊಂದರ ತಲೆಯೊಳಗೆ ಏನಾಗುತ್ತೆ? ನಾಳೆ ಭಾನುವಾರ, ಅದನ್ನ ಹುಡುಕಬೇಕು.