ಒಂದು ಪ್ಲೇಟು ಹೆಚ್ಚಿಗೆ ಬೇಡ

ನಮ್ಮ ಹಳೆಯ ಟಾಟಾ 207 ಪಿಕಪ್ಪಿನ ಹಿಂದಿನ ಪ್ಲೇಟ್ ಸೆಟ್ ಎರಡನ್ನೂ, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ, ಗಾಡಿಯ ಭಾರ ಹೊರುವ ಸ್ಪ್ರಿಂಗುಗಳನ್ನು, ಬದಲಾಯಿಸಿದ್ದಾಯಿತು. ಕೆಲಸಕ್ಕಿಂತ ಹೆಚ್ಚು ಹೊತ್ತು ತಿಂದದ್ದು ಅದರ ಸುತ್ತ ಬಂದ ಉಪದೇಶ. ಮುಳಬಾಗಿಲಿನಿಂದ ಕೋಲಾರದ ಮಂಡಿಗೆ ಟೊಮೆಟೊ ಹೊಡೆಯುವ ಯಾವ ಚಾಲಕನನ್ನು ಕೇಳಿದರೂ ಬಾಯಿಗೆ ಬರುವ ಮಾತು ಒಂದೇ: "ಹೇಗೂ ಬಿಚ್ಚುತ್ತಿದ್ದೀರಿ, ಒಂದು ಪ್ಲೇಟು ಜಾಸ್ತಿ ಹಾಕಿಸಿಬಿಡಿ." ಟೀ ಅಂಗಡಿಯಲ್ಲಿ ಇದೇ, ಪಂಕ್ಚರ್ ಅಂಗಡಿಯಲ್ಲಿ ಇದೇ, ಮನೆಗೆ ಬಂದರೆ ಭಾವಮೈದನ ಬಾಯಲ್ಲೂ ಇದೇ. ನಾನು ಹಾಕಿಸಲಿಲ್ಲ. ಯಾಕೆ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟರೆ, ಇನ್ನು ಮುಂದೆ ಕೇಳಿದವರ ಮೊಬೈಲಿಗೆ ಇದನ್ನೇ ಕಳುಹಿಸಿ ನನ್ನ ಟೀ ನಾನು ಕುಡಿಯಬಹುದು.

ಗಾಡಿಗೆ ಏನಾಗಿತ್ತು ಎಂಬುದನ್ನು ಮೊದಲು ಹೇಳುತ್ತೇನೆ. ಖಾಲಿ ನಿಂತಾಗಲೂ ಎಡಗಡೆಯ ಹಿಂಭಾಗ ಕುಸಿದಂತೆ ಕಾಣುತ್ತಿತ್ತು. ಸಮತಟ್ಟಾದ ಸಿಮೆಂಟ್ ಅಂಗಳದಲ್ಲಿ ನಿಲ್ಲಿಸಿ, ಟೈರಿನ ನೆತ್ತಿಯಿಂದ ಬಾಡಿಯ ತಳದವರೆಗೆ ಕೈಯಿಟ್ಟು ಅಳೆದರೆ ಎಡಗಡೆ ಬಲಗಡೆಗಿಂತ ಮೂರು ಬೆರಳು ಕಡಿಮೆ. ಅಷ್ಟೇ ಆಗಿದ್ದರೆ ವಯಸ್ಸಾಗಿ ಪ್ಲೇಟು ಸೋತಿದೆ ಎಂದುಕೊಳ್ಳಬಹುದಿತ್ತು. ಆದರೆ ಹಿಂದೆ ಬೈಕಿನಲ್ಲಿ ಬರುತ್ತಿದ್ದ ಮಗ ಇನ್ನೊಂದು ಸುದ್ದಿ ತಂದ: "ಅಪ್ಪಾ, ಗಾಡಿ ಹೋಗುವುದು ನೇರಕ್ಕೇ. ಆದರೆ ಅದರ ಮೂತಿ ಮಾತ್ರ ಹೊಲದ ಕಡೆ ನೋಡುತ್ತಿದೆ." ಹಾಗೆಂದರೆ ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳನ್ನು ಹಿಡಿದಿರುವ ಅಚ್ಚು, ತನ್ನ ಜಾಗ ಬಿಟ್ಟು ಸರಿದಿದೆ ಎಂದೇ ಅರ್ಥ. ಸೆಂಟರ್ ಬೋಲ್ಟ್ ತುಂಡಾದಾಗ ಹೀಗಾಗುವುದುಂಟು.

ಈ ಸೆಂಟರ್ ಬೋಲ್ಟ್ ಎಂಬುದು ಪ್ಲೇಟುಗಳನ್ನೆಲ್ಲ ಒಟ್ಟಿಗೆ ಪೋಣಿಸಿ ಹಿಡಿಯುವ ಬೆರಳು ಗಾತ್ರದ ಬೋಲ್ಟು. ಅದರ ತಲೆ ಹೌಸಿಂಗಿನ ಮೇಲಿರುವ ಒಂದು ಕುಳಿಯಲ್ಲಿ ಕೂರುತ್ತದೆ. ಹೌಸಿಂಗ್ ಹಿಂದೆ ಮುಂದೆ ಜಾರದಂತೆ ಜಾಗ ತೋರಿಸುವುದು ಅದೇ. ಆದರೆ ನಿಜವಾಗಿ ಬಿಗಿ ಹಿಡಿಯುವುದು ಪ್ಲೇಟನ್ನೂ ಹೌಸಿಂಗನ್ನೂ ಒಟ್ಟಿಗೆ ತಬ್ಬುವ, U ಆಕಾರದ ಯು ಬೋಲ್ಟುಗಳು. ಅವು ಬಿಗಿಯಾಗಿರುವವರೆಗೆ ಸೆಂಟರ್ ಬೋಲ್ಟಿಗೆ ಹೆಚ್ಚು ಕೆಲಸವಿಲ್ಲ. ಅವು ಸಡಿಲವಾದ ದಿನದಿಂದ ಗಾಡಿಯ ಎಳೆತ, ಬ್ರೇಕಿನ ತಳ್ಳಾಟ ಎಲ್ಲವೂ ಆ ಪುಟ್ಟ ಬೋಲ್ಟಿನ ಕುತ್ತಿಗೆಗೆ ಬೀಳುತ್ತವೆ. ಪ್ಲೇಟು ಮುರಿಯಿತು ಎಂದು ಲೋಡನ್ನೇ ಬೈಯುವವರು ಯು ಬೋಲ್ಟಿನ ನಟ್ಟಿಗೆ ಪಾನಾ ಹಾಕಿ ಎಷ್ಟು ಕಾಲವಾಯಿತು ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದಿಲ್ಲ.

ಲೋಡಿನ ಮಾತೂ ಸುಳ್ಳಲ್ಲ ಬಿಡಿ. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸಿನ ಲೆಕ್ಕ 15 ಕೆ.ಜಿ. ನೂರು ಬಾಕ್ಸ್ ಏರಿಸಿದರೆ ಹಣ್ಣೇ ಒಂದೂವರೆ ಟನ್, ಕ್ರೇಟಿನ ತೂಕ ಬೇರೆ. ಗಾಡಿಯೋ ಒಂದು ಟನ್ನಿನ ಆಸುಪಾಸು ಹೊರುವಂಥದು. ಎಂಜಿನ್ ಎಳೆಯುತ್ತದೆ ಎಂಬ ಧೈರ್ಯಕ್ಕೆ ಬಾಕ್ಸಿನ ಮೇಲೆ ಬಾಕ್ಸ್ ಏರುತ್ತದೆ. ಊರಿನಿಂದ ಹೆದ್ದಾರಿಗೆ ಸೇರುವ ದಾರಿಯನ್ನು ಕ್ವಾರಿ ಟಿಪ್ಪರುಗಳು ಹೇಗೆ ಇಟ್ಟಿವೆ ಎಂದು ಕೋಲಾರ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ.

ಬಿಚ್ಚುವ ಕೆಲಸಕ್ಕೆ ಪ್ಲೇಟ್ ಮೇಸ್ತ್ರಿಯನ್ನು ಹಿಡಿದೆ. ವಯಸ್ಸಾದವರು, ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಲಾರಿಗಳ ಪ್ಲೇಟನ್ನೇ ನೋಡಿಕೊಂಡು ಬಂದವರು. ಮಾತು ಕಡಿಮೆ, ಬೈಗುಳ ಸ್ವಲ್ಪ ಜಾಸ್ತಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಚಾಸಿಯನ್ನು ಜಾಕಿಯಿಂದ ಎತ್ತಿ ಕೆಳಗೆ ಮರದ ದಿಮ್ಮಿ ಇಟ್ಟರು. ನಮ್ಮ ಕಡೆ ಗ್ರಾನೈಟ್ ತುಂಡುಗಳಿಗೆ ಬರವಿಲ್ಲದ ಕಾರಣ ನಾನು ಎರಡು ಕಲ್ಲು ಉರುಳಿಸಿಕೊಂಡು ಹೋದೆ. "ಕಲ್ಲು ಹೇಳಿ ಕೇಳಿ ಒಡೆಯುವುದಿಲ್ಲ ಸ್ವಾಮಿ. ಮರವಾದರೆ ಸದ್ದಾದರೂ ಮಾಡುತ್ತದೆ" ಎಂದು ಅವನ್ನು ಚಕ್ರದ ಕೆಲಸಕ್ಕೆ ದೂಡಿದರು. ಆಮೇಲೆ ಇನ್ನೊಂದು ಜಾಕಿಯನ್ನು ಹೌಸಿಂಗಿನ ಕೆಳಗೆ ಇಟ್ಟು, ಪ್ಲೇಟಿನ ಮೇಲೆ ಭಾರವೂ ಇಲ್ಲ, ಎಳೆತವೂ ಇಲ್ಲ ಎನ್ನುವ ಮಟ್ಟಕ್ಕೆ ಏರಿಸಿ ಇಳಿಸಿ ನಿಲ್ಲಿಸಿದರು. ಈ ಹಂತದಲ್ಲಿ ಬ್ರೇಕಿನ ಹೋಸ್ ಪೈಪು ಮತ್ತು ಹ್ಯಾಂಡ್ ಬ್ರೇಕಿನ ಕೇಬಲ್ ಮೇಲೆ ಒಬ್ಬರ ಕಣ್ಣಿರಬೇಕು. ಹೌಸಿಂಗ್ ಕೆಳಗಿಳಿದಂತೆ ಮೊದಲು ಜಗ್ಗುವುದು ಅವೇ.

ಯು ಬೋಲ್ಟಿನ ನಟ್ಟುಗಳು ಪಾನಾಕ್ಕೆ ಬಗ್ಗಲಿಲ್ಲ. ಎಣ್ಣೆ ಬಿಟ್ಟು, ಕಾದು, ಪೈಪು ಸಿಕ್ಕಿಸಿ ತಿರುಗಿಸಿದರೂ ಕದಲಲಿಲ್ಲ. ಕೊನೆಗೆ ಗ್ಯಾಸ್ ಕಟಿಂಗಿನಲ್ಲಿ ಕತ್ತರಿಸಿದ್ದಾಯಿತು. ಅದರಿಂದ ನಷ್ಟವೇನಿಲ್ಲ. ಒಮ್ಮೆ ಬಿಗಿದ ಯು ಬೋಲ್ಟು ಹಿಗ್ಗಿರುತ್ತದೆ, ಅದನ್ನು ಮತ್ತೆ ಹಾಕಬಾರದು. ಹೊಸ ಪ್ಲೇಟಿಗೆ ಹಳೆಯ ಯು ಬೋಲ್ಟು ಹಾಕಿಸಿ ದುಡ್ಡು ಉಳಿಸಿದೆ ಎನ್ನುವವರ ಗಾಡಿಯ ಹಿಂದೆ ನಾನಂತೂ ಹತ್ತಿರ ಹೋಗುವುದಿಲ್ಲ.

ಸೆಟ್ ಕೆಳಗಿಳಿದಾಗ ನೋಡಿದರೆ ಸೆಂಟರ್ ಬೋಲ್ಟ್ ಎರಡು ತುಂಡು. ಅದರ ಜೊತೆಗೆ ಎರಡನೇ ಪ್ಲೇಟು ಬೋಲ್ಟಿನ ತೂತಿನ ಬಳಿಯೇ ಮುರಿದಿತ್ತು. ಪ್ಲೇಟಿನಲ್ಲಿ ಅತ್ಯಂತ ದುರ್ಬಲವಾದ ಜಾಗ ಅದೇ ತೂತು. ತುಂಡನ್ನು ಬಿಸಿಲಿಗೆ ಹಿಡಿದೆ. ಮುರಿದ ಮುಖದಲ್ಲಿ ತೂತಿನ ಅಂಚಿನಿಂದ ಶುರುವಾಗಿ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿತ್ತು, ಬೆರಳಾಡಿಸಿದರೆ ನುಣುಪು. ಉಳಿದ ಕಾಲು ಭಾಗ ಮಾತ್ರ ಬೂದು ಬಣ್ಣ, ಹರಳು ಹರಳಾಗಿ ಮಿನುಗುತ್ತಿತ್ತು, ಒರಟು. ಅಂದರೆ ಬಿರುಕು ಬಿಟ್ಟು ಎಷ್ಟೋ ಕಾಲವಾಗಿದೆ, ಲೋಡು ಲೋಡಿಗೂ ಕೂದಲೆಳೆಯಷ್ಟು ಬೆಳೆದಿದೆ, ಉಳಿದ ಕಾಲು ಭಾಗಕ್ಕೆ ಇನ್ನು ತಡೆಯಲಾಗದ ದಿನ ಟಪ್ಪೆಂದಿದೆ. ಅಂದಿನ ಹಂಪನ್ನೋ ಅಂದು ಗಾಡಿ ಓಡಿಸಿದವನನ್ನೋ ಬೈದು ಪ್ರಯೋಜನವಿಲ್ಲ.

ಹಳೆಯ ಸೆಟ್ಟಿನ ಕಮಾನನ್ನೇ ಮತ್ತೆ ಎತ್ತಿ, ಮುರಿದ ಒಂದನ್ನು ಮಾತ್ರ ಬದಲಾಯಿಸುವ ದಾರಿಯೂ ಇತ್ತು. ಕುಲುಮೆಯಲ್ಲಿ ಕಾಯಿಸಿ ಬಡಿದರೆ ಪ್ಲೇಟು ಬಾಗುತ್ತದೆ, ಚೆಲುವಾಗಿಯೂ ಕಾಣುತ್ತದೆ. ಆದರೆ ಸ್ಪ್ರಿಂಗಿನ ಉಕ್ಕಿಗೆ ಹದ ಬರುವುದು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ 400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಅಳತೆಯಲ್ಲಿ ಕಾಯಿಸಿದಾಗ. ರಸ್ತೆ ಬದಿಯ ಒಲೆಯಲ್ಲಿ ಆ ಅಳತೆ ಸಿಗುವುದಿಲ್ಲ. ಹದ ತಪ್ಪಿದರೆ ನಾಲ್ಕು ಲೋಡಿಗೆ ಮತ್ತೆ ಚಪ್ಪಟೆ, ಇಲ್ಲವೇ ತುಂಡು. ಎಡಗಡೆಗೆ ಮಾತ್ರ ಹೊಸದು ಹಾಕಿದರೆ ಗಾಡಿ ಬಲಕ್ಕೆ ವಾಲುತ್ತದೆ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಎರಡೂ ಕಡೆಗೆ ಹೊಸ ಸೆಟ್, ಯು ಬೋಲ್ಟು, ಪಿನ್ನಿನ ಸುತ್ತ ಕೂರುವ ಬುಷ್, ಪ್ಲೇಟಿನ ಹಿಂತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಎಂಬ ಕೊಂಡಿಯ ಪಿನ್ ತಂದೆ. ಪ್ಲೇಟು ಹರಿಯಾಣದ ಯಮುನಾನಗರದಿಂದ ಬಂದದ್ದು. ಅಂಗಡಿಯವನೂ ಸೆಟ್ ಕಟ್ಟುವಾಗ ಕೇಳಿದ: "ಒಂದು ಎಕ್ಸ್‌ಟ್ರಾ ಹಾಕಲೇ ಸಾರ್?"

ಈಗ ಆ ಎಕ್ಸ್‌ಟ್ರಾ ಪ್ಲೇಟಿನ ವಿಚಾರ. ಪ್ಲೇಟು ಹೆಚ್ಚಿದರೆ ಗಾಡಿಯ ಶಕ್ತಿ ಹೆಚ್ಚುವುದಿಲ್ಲ, ಸ್ಪ್ರಿಂಗಿನ ಬಿಗಿ ಹೆಚ್ಚುತ್ತದೆ, ಅಷ್ಟೇ. ಚಾಸಿ ಹಳೆಯದೇ, ಹೌಸಿಂಗ್ ಹಳೆಯದೇ, ಬೇರಿಂಗು, ಟೈರು, ಬ್ರೇಕು ಎಲ್ಲವೂ ಅವೇ. ಹಳ್ಳಕ್ಕೆ ಬಿದ್ದಾಗ ಪ್ಲೇಟು ಬಾಗಿ ನುಂಗುತ್ತಿದ್ದ ಹೊಡೆತ ಈಗ ನೇರವಾಗಿ ಪ್ಲೇಟನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರಿಗೆ, ಅಲ್ಲಿಂದ ಚಾಸಿಗೆ ಹೋಗುತ್ತದೆ. ಗಾಡಿ ಹಿಂದೆ ಎತ್ತರವಾಗಿ ಕಾಣುತ್ತದಲ್ಲ, ಅದನ್ನು ನೋಡಿ ಮಾಲೀಕ ಇನ್ನಿಪ್ಪತ್ತು ಬಾಕ್ಸ್ ಏರಿಸುತ್ತಾನೆ. ಮೇಸ್ತ್ರಿಯೇ ಹೇಳಿದರು: "ಪ್ಲೇಟು ಮಾರಿದರೆ ನನಗೆ ಲಾಭವೇ ಸ್ವಾಮಿ. ಜಾಸ್ತಿ ಹಾಕಿಸಿಕೊಂಡು ಹೋದವರು ಹ್ಯಾಂಗರ್ ವೆಲ್ಡಿಂಗಿಗೂ ನನ್ನ ಹತ್ತಿರವೇ ಬರುತ್ತಾರೆ." ಪ್ಲೇಟಿನ ಸಂಖ್ಯೆ ಹೆಚ್ಚಿಸದೆ ದಪ್ಪ ಹೆಚ್ಚಿಸುವವರ ಲೆಕ್ಕ ಇನ್ನೂ ಕೆಟ್ಟದು. ಬಿಗಿ ಹೆಚ್ಚುವುದು ದಪ್ಪದ ಘನದ ಲೆಕ್ಕದಲ್ಲಿ. 8 ಮಿ.ಮೀ. ಇದ್ದ ಕಡೆ 10 ಮಿ.ಮೀ. ಹಾಕಿದರೆ ಆ ಪ್ಲೇಟಿನ ಬಿಗಿ ಹೆಚ್ಚುಕಡಿಮೆ ಇಮ್ಮಡಿ.

ಇದೆಲ್ಲ ಒಂದು ತೂಕವಾದರೆ, ನನಗೆ ಮುಖ್ಯವಾದದ್ದು ಟೊಮೆಟೊ. ಕಲ್ಲು, ಮರಳು ಹೊಡೆಯುವವರಿಗೆ ಗಾಡಿ ಕುಣಿದರೆ ಚಿಂತೆಯಿಲ್ಲ. ನನ್ನ ಸರಕು ಹಾಗಲ್ಲ. ಮಂಡಿಯಲ್ಲಿ ವ್ಯಾಪಾರಿ ಮೇಲಿನ ಬಾಕ್ಸ್ ನೋಡುವುದಿಲ್ಲ. ಅಡಿಯ ಸಾಲಿನಿಂದ ಒಂದನ್ನು ಎಳೆಸಿ, ಕೈ ಹಾಕಿ, ತಳದ ಹಣ್ಣು ತೆಗೆಯುತ್ತಾನೆ. ಅವನ ಬೆರಳು ಒದ್ದೆಯಾದರೆ ಮುಗಿಯಿತು, ದರ ಅಲ್ಲಿಯೇ ಇಳಿಯುತ್ತದೆ. ಬಿಗಿ ಪ್ಲೇಟಿನ ಗಾಡಿಯಲ್ಲಿ ಬಂದ ಹಣ್ಣು ದೆಹಲಿಗೋ ಕೋಲ್ಕತ್ತಕ್ಕೋ ಲಾರಿ ಹತ್ತುವ ಮೊದಲೇ ಅರ್ಧ ಸಾರಾಗಿರುತ್ತದೆ. ಮಾರಿ ಖಾಲಿ ಬರುವಾಗಿನ ಕಥೆ ಇನ್ನೊಂದು: ಭಾರವಿಲ್ಲದ ಹಿಂಭಾಗ ಪ್ರತಿ ಹಂಪಿಗೂ ನೆಲ ಬಿಡುತ್ತದೆ. ಮಳೆಯಲ್ಲಿ ಆ ಹೊತ್ತಿಗೆ ಬ್ರೇಕ್ ಒತ್ತಿದರೆ ಚಕ್ರ ಹಿಡಿಯಲು ರಸ್ತೆಯೇ ಇರುವುದಿಲ್ಲ.

ಹಾಗಾಗಿ ಕಂಪನಿ ಕೊಟ್ಟಷ್ಟೇ ಪ್ಲೇಟು, ಅದೇ ದಪ್ಪ. ಬದಲಿಗೆ ಬಾಕ್ಸನ್ನು ಕಡಿಮೆ ಮಾಡಿದ್ದೇನೆ. ಸುಗ್ಗಿಯಲ್ಲಿ ಒಂದು ಟ್ರಿಪ್ಪು ಹೆಚ್ಚಿಗೆ ಹೋಗುತ್ತೇನೆ. ಡೀಸೆಲ್ ಲೆಕ್ಕ ಹಾಕಿ ನಗುವವರು ನಗಲಿ.

ಕೂರಿಸುವ ಕೆಲಸ ಬಿಚ್ಚಿದ್ದಕ್ಕಿಂತ ಸಲೀಸು. ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿದೆವು. ಪ್ಲೇಟಿನ ತುದಿಯ ಸುರುಳಿಗೆ ಕಣ್ಣು ಎನ್ನುತ್ತಾರೆ; ಮುಂದಿನ ಕಣ್ಣನ್ನು ಪಿನ್ನಿಗೆ, ಹಿಂದಿನ ಕಣ್ಣನ್ನು ಶ್ಯಾಕಲ್‌ಗೆ ಸೇರಿಸಿ, ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟೆವು. ಭಾರ ಬಿದ್ದಾಗ ಪ್ಲೇಟು ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಜಾಗ ಕೊಡಲೆಂದೇ ಶ್ಯಾಕಲ್ ತೂಗಾಡುವುದು. ರಬ್ಬರ್ ಬುಷ್ ಇರುವ ಕಡೆ ಗಾಡಿ ಎತ್ತಿರುವಾಗಲೇ ಬಿಗಿದುಬಿಟ್ಟರೆ, ಕೆಳಗಿಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಗಾಡಿ ತನ್ನ ಚಕ್ರದ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ. ಯು ಬೋಲ್ಟಿನ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿದೆವು. ಸೆಂಟರ್ ಬೋಲ್ಟಿನ ತಲೆ ಕುಳಿಯಲ್ಲಿ ಕೂತಿದೆಯೇ ಎಂದು ಮೇಸ್ತ್ರಿ ಟಾರ್ಚ್ ಹಿಡಿದು ನೋಡಿದರು, ನನಗೂ ತೋರಿಸಿದರು. ಮೊದಲ ಕೆಲವು ಲೋಡಿನ ನಂತರ ಎಲ್ಲವನ್ನೂ ಮತ್ತೊಮ್ಮೆ ಬಿಗಿಸಬೇಕು; ಹೊಸ ಪ್ಲೇಟುಗಳು ಒಂದರ ಮೇಲೊಂದು ಕೂತಾಗ ಬಿಗಿ ಬಿಟ್ಟುಕೊಳ್ಳುತ್ತದೆ. ಬಿಗಿಸಿಕೊಂಡು ಬಂದೆ. ಪ್ರತಿ ನಟ್ಟೂ ಒಂದಷ್ಟು ತಿರುಗಿತು.

ಹಳೆಯ ಪ್ಲೇಟುಗಳನ್ನು ದನದ ಕೊಟ್ಟಿಗೆಯ ಮೂಲೆಗೆ ಒರಗಿಸಿಟ್ಟಿದ್ದೆ. ವಾರ ತುಂಬುವ ಮೊದಲೇ ಭಾವಮೈದ ಬಂದ. ಕಾಫಿ ಕುಡಿದ, ಮಳೆಯ ಮಾತಾಡಿದ, ಕೊಟ್ಟಿಗೆಯ ಕಡೆ ಎರಡು ಸಲ ನೋಡಿದ. "ಭಾವ, ಮುರಿಯದೇ ಇರುವುದು ಎರಡು ಕೊಡಿ. ನನ್ನ ಗಾಡಿಗೆ ಎಕ್ಸ್‌ಟ್ರಾ ಹಾಕಿಸಿಕೊಳ್ಳುತ್ತೇನೆ" ಎಂದ. ಮುರಿದ ತುಂಡನ್ನು ಅವನ ಕೈಗಿಟ್ಟು ಕಂದು ಭಾಗ, ಬೂದು ಭಾಗ ಎರಡನ್ನೂ ತೋರಿಸಿದೆ. ಇನ್ನೊಂದು ಪ್ಲೇಟಿನ ತೂತಿನ ಪಕ್ಕದಲ್ಲಿ ಈಗಲೇ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಇದೆ, ಅದನ್ನೂ ತೋರಿಸಿದೆ. "ಇದು ಸಣ್ಣದು ಭಾವ, ವೆಲ್ಡಿಂಗ್ ಮಾಡಿಸಿದರಾಯಿತು" ಎಂದ. ಸ್ಪ್ರಿಂಗ್ ಪ್ಲೇಟಿಗೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಹದವೇ ಹೋಗುತ್ತದೆ ಎಂದು ಹೇಳುವಷ್ಟರಲ್ಲಿ ಅವನಿಗೆ ಫೋನು ಬಂತು.

ಮರುದಿನವೇ ಎಲ್ಲವನ್ನೂ ಊರಿನ ಆಚಾರಿಯ ಕುಲುಮೆಗೆ ಸಾಗಿಸಿದೆ. ಮಚ್ಚು, ಕುಡುಗೋಲಿಗೆ ಲಾರಿ ಪ್ಲೇಟಿನಂಥ ಕಬ್ಬಿಣ ಇನ್ನೊಂದಿಲ್ಲ ಎನ್ನುವುದು ಅವನ ಹಳೆಯ ಮಾತು. ನನಗೆ ಬೇಕಾದದ್ದನ್ನು ಮಾಡಿಕೊಟ್ಟರೆ ಕೂಲಿ ಬೇಡ, ಉಳಿದ ಪ್ಲೇಟು ಅವನಿಗೆ ಎಂದು ಒಪ್ಪಂದವಾಯಿತು. ಎರಡು ಮಚ್ಚು ಹೇಳಿ ಬಂದಿದ್ದೇನೆ, ಒಂದು ನನಗೆ, ಇನ್ನೊಂದು ಭಾವಮೈದನಿಗೆ.