ರನ್‌ಫ್ಲಾಟ್ ಬಿಚ್ಚಿಸಿದ ಮೇಲೆ ಸ್ಟೆಪ್ನಿ ಹುಡುಕಿದ್ದು

ನನ್ನ ಕಾರಿಗೆ ಸ್ಟೆಪ್ನಿ ಇಲ್ಲವೆಂಬುದು ಅದನ್ನು ಕೊಂಡ ದಿನವೇ ನನಗೆ ಗೊತ್ತಿತ್ತು. ಹಿಂದಿನ ಮಾಲೀಕರು ಡಿಕ್ಕಿಯ ಅಡಿಹಲಗೆಯನ್ನು ಎತ್ತಿ, ಅದರ ಕೆಳಗಿದ್ದ ಥರ್ಮೋಕೋಲಿನಂಥ ತಟ್ಟೆಯನ್ನು ತೋರಿಸಿ, ಇದು ರನ್‌ಫ್ಲಾಟ್ ಟೈರಿನ ಗಾಡಿ, ಹವಾ ಹೋದರೂ ಓಡುತ್ತದೆ, ಸ್ಟೆಪ್ನಿಯ ಗೊಡವೆಯೇ ಬೇಡ ಎಂದಿದ್ದರು. ಸೆಕೆಂಡ್ ಹ್ಯಾಂಡಿನಲ್ಲಿ ಬಂದ ಜರ್ಮನ್ ಸೆಡಾನ್ ಅದು. 17 ಇಂಚಿನ ಅಲಾಯ್, 225/50 ಅಳತೆಯ ಟೈರು, ಹಿಂದಿನ ಗಾಲಿಗಳಿಗೆ ಎಂಜಿನ್ನಿನ ಬಲ. ಎರಡು ವರ್ಷ ಅವರ ಮಾತು ನಿಜವೇ ಆಗಿತ್ತು.

ಹೋದ ಮಳೆಗಾಲದಲ್ಲಿ ಹುಮನಾಬಾದಿನಿಂದ ಕಲಬುರಗಿಗೆ ಮರಳುವಾಗ, ಕಮಲಾಪುರ ದಾಟಿದ ಮೇಲೆ, ನೀರು ತುಂಬಿದ್ದ ಗುಂಡಿಯೊಂದು ಎಡಗಡೆಯ ಮುಂದಿನ ಟೈರಿನ ಬಾಜುವನ್ನು ಸೀಳಿತು. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು, ಸ್ಟೀರಿಂಗ್ ಸ್ವಲ್ಪ ಭಾರವಾಯಿತು, ಅಷ್ಟೇ. ವೇಗ ಇಳಿಸಿಕೊಂಡು ಮನೆ ಮುಟ್ಟಿದೆ. ಆ ಮಟ್ಟಿಗೆ ರನ್‌ಫ್ಲಾಟನ್ನು ನಾನು ದೂರುವುದಿಲ್ಲ. ತೊಂದರೆ ಶುರುವಾದದ್ದು ಮರುದಿನ. ರಿಂಗ್ ರೋಡಿನ ಟೈರ್ ಅಂಗಡಿಯವರು ಬೆರಳಿನಿಂದ ಸೀಳನ್ನು ಅಗಲಿಸಿ ನೋಡಿ, "ಸರ, ಬಾಜು ಹರದದ, ಇದಕ್ಕ ಪಂಚರ್ ಹಾಕ್ಲಾಕ ಬರಂಗಿಲ್ರಿ. ಹೊಸಾದು ಹೈದರಾಬಾದ್‌ನಿಂದ ತರಸಬೇಕು" ಎಂದರು. ಟೈರು ಬರಲು ಐದು ದಿನ ಹಿಡಿಯಿತು. ಐದೂ ದಿನ ಕಾರು ಅಂಗಡಿಯ ಮುಂದೆ ಜ್ಯಾಕಿನ ಮೇಲೆ ನಿಂತಿತ್ತು.

ಸಾದಾ ಟೈರಿನಲ್ಲಿ ಹವಾ ಹೋದರೆ ಬಾಜು ಮಡಚಿಕೊಂಡು ರಿಮ್ಮು ನೆಲಕ್ಕೆ ಕೂರುತ್ತದೆ. ರನ್‌ಫ್ಲಾಟಿನ ಬಾಜುವಿನೊಳಗೆ ದಪ್ಪ ಗಟ್ಟಿ ರಬ್ಬರಿನ ಪದರ ಇರುವುದರಿಂದ ಹವಾ ಇಲ್ಲದೆಯೂ ಅದು ಕಾರಿನ ಭಾರವನ್ನು ಹೊರುತ್ತದೆ. ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ವೇಗ ಮೀರದಂತೆ 80 ಕಿಲೋಮೀಟರ್ ದೂರ. ಆ 80 ಕಿಲೋಮೀಟರಿನೊಳಗೆ ಅದೇ ಅಳತೆಯ ಟೈರು ಸಿಗುವ ಊರಿರುತ್ತದೆ ಎಂಬ ನಂಬಿಕೆಯ ಮೇಲೆ ಈ ಏರ್ಪಾಡು ನಿಂತಿದೆ. ಕೆಲಸದ ನಿಮಿತ್ತ ಚಿಂಚೋಳಿ, ಸೇಡಂ, ಸುರಪುರ, ಹುಣಸಗಿ ಎಂದು ತಿರುಗುವ ನನ್ನಂಥವನಿಗೆ ಆ ನಂಬಿಕೆ ಒಪ್ಪುವಂಥದ್ದಲ್ಲ. ಜೊತೆಗೆ, ಭಾರ ಹೊರುವ ಅದೇ ಗಟ್ಟಿ ಬಾಜು ರಸ್ತೆಯ ಪ್ರತಿಯೊಂದು ಏರುತಗ್ಗನ್ನೂ ಬೆನ್ನಿಗೆ ವರದಿ ಮಾಡುತ್ತಿತ್ತು. ಉಳಿದ ಮೂರು ಟೈರುಗಳೂ ಸವೆದಿದ್ದವು. ಹೈದರಾಬಾದಿನಿಂದ ಬಂದ ಹೊಸ ರನ್‌ಫ್ಲಾಟನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲು ಒಪ್ಪಿದ್ದರಿಂದ, ನಾಲ್ಕೂ ಗಾಲಿಗಳಿಗೆ ಅದೇ ಅಳತೆಯ ಸಾದಾ ಟ್ಯೂಬ್‌ಲೆಸ್ ಹಾಕಿಸಿದೆ. ಒಂದೆರಡನ್ನು ಮಾತ್ರ ಬದಲಿಸಿ ಎರಡು ಜಾತಿಯನ್ನೂ ಬೆರೆಸಿ ಓಡಿಸುವುದು ಸರಿಯಲ್ಲ, ಒಂದೇ ಆಕ್ಸಲ್ಲಿನ ಎರಡು ತುದಿಗಳಲ್ಲಂತೂ ಸಲ್ಲದು. ಗಾಡಿ ಮೆತ್ತಗಾಯಿತು. ಅದರೊಂದಿಗೆ, ಪಂಚರ್ ಆದರೆ ನಿಂತಲ್ಲೇ ನಿಲ್ಲುವ ಗಾಡಿಯೂ ಆಯಿತು.

ಟೈರ್ ಬಿಚ್ಚುತ್ತಿದ್ದಾಗಲೇ ಅಂಗಡಿಯ ಹಿರಿಯರು, ನಾವೆಲ್ಲ ಚಾಚಾ ಎನ್ನುವವರು, ಒಂದು ಉಪಾಯ ಹೇಳಿದ್ದರು. "ಹಳೇ ಮೂರರಾಗ ಛಲೋ ಇದ್ದದ್ದು ಒಂದು ಇಟಗೋರಿ ಸಾಹೇಬ್ರ. ಒಂದು ಡಿಸ್ಕ್ ಹುಡುಕಿ ಹಾಕಿಕೊಟ್ಟರ ಅದೇ ನಿಮ್ಮ ಸ್ಟೆಪ್ನಿ." ಡಿಸ್ಕ್ ಎಂದರೆ ಟೈರು ಕೂರುವ ಲೋಹದ ಗಾಲಿ. ಅಳತೆ ಅದೇ, ಖರ್ಚು ಡಿಸ್ಕಿನದಷ್ಟೇ, ಕೇಳಲು ಚೆನ್ನಾಗಿತ್ತು. ಆದರೆ ಬಾಜುವಿನ ಮೇಲೆ ಅಚ್ಚಾಗಿದ್ದ ಕೊನೆಯ ನಾಲ್ಕು ಅಂಕಿಗಳನ್ನು ಓದಿದಾಗ 2316 ಎಂದಿತ್ತು, ಅಂದರೆ 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಬಿಸಿಲಿನಲ್ಲಿ ಹಿಡಿದು ನೋಡಿದರೆ ನೆಲಕ್ಕೆ ತಾಗುವ ಭಾಗದ ಗೆರೆಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತಿದ್ದವು. ಉಗುರು ಒತ್ತಿದರೆ ರಬ್ಬರು ಬಗ್ಗುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಮುಚ್ಚಿದ ಡಿಕ್ಕಿಯೊಳಗೆ ಬೇಯುತ್ತಾ ಬಿದ್ದಿರುವ ಟೈರಿಗೆ ಓಡದಿದ್ದರೂ ವಯಸ್ಸಾಗುತ್ತದೆ. ಚಾಚಾ ಅವರ ಉಪಾಯವನ್ನು ಗೌರವದಿಂದಲೇ ಕೈಬಿಟ್ಟೆ.

ಕಾನೂನಿನ ಕಡೆಯಿಂದ ನನಗೆ ಒತ್ತಾಯವೇನೂ ಇರಲಿಲ್ಲ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಪಂಚರ್ ಕಿಟ್ಟು ಮತ್ತು ಟೈರಿನ ಒತ್ತಡದ ಮೇಲೆ ನಿಗಾ ಇಡುವ ವ್ಯವಸ್ಥೆ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಹಾಗಾಗಿ ಬತ್ತಿ ಚುಚ್ಚುವ ಕಿಟ್ಟು, 12 ವೋಲ್ಟಿನ ಪಂಪು ಇಷ್ಟನ್ನೇ ಇಟ್ಟುಕೊಂಡರೆ ಸಾಲದೇ ಎಂದು ಒಂದು ವಾರ ಯೋಚಿಸಿದೆ. ಜಾಲಿ ಮುಳ್ಳಿಗೆ, ಮೊಳೆಗೆ, ಕಟಾವಾದ ಹೊಲದ ಅಂಚಿನಲ್ಲಿ ಗಾಡಿ ತಿರುಗಿಸುವಾಗ ಚುಚ್ಚುವ ತೊಗರಿಯ ಕೂಳೆಗೆ ಅದು ಸಾಕು. ತೊಗರಿ ಕೂಳೆ ಎಂದರೆ ನಗಬಾರದು. ಓರೆಯಾಗಿ ಕೊಯ್ದ ಒಣ ಬುಡ ಟ್ರ್ಯಾಕ್ಟರಿನ ಟೈರಿಗೇ ತೂತು ಕೊರೆಯುವುದನ್ನು ಈ ಕಡೆಯ ರೈತರೆಲ್ಲ ಕಂಡಿದ್ದಾರೆ. ಆದರೆ ಬತ್ತಿಯಾಗಲಿ, ಒಳಗೆ ಸುರಿಯುವ ಅಂಟಾಗಲಿ ಕೆಲಸ ಮಾಡುವುದು ನೆಲಕ್ಕೆ ತಾಗುವ ಭಾಗದಲ್ಲಿ, ಅದೂ ಸುಮಾರು 6 ಮಿಲಿಮೀಟರಿನವರೆಗಿನ ತೂತಿಗೆ. ಶಹಾಬಾದ್ ಕಲ್ಲಿನ ಲಾರಿಯಿಂದ ಉದುರಿದ ಚಕ್ಕೆಯೊಂದು ಬಾಜುವನ್ನು ಕೊಯ್ದರೆ ಕಿಟ್ಟಿನಿಂದ ಪ್ರಯೋಜನವಿಲ್ಲ, ಮತ್ತು ನನಗೆ ಆದದ್ದು ಬಾಜುವಿನ ಗಾಯವೇ. ಕಿಟ್ಟೂ ಇರಲಿ, ಸ್ಟೆಪ್ನಿಯೂ ಇರಲಿ ಎಂದು ತೀರ್ಮಾನಿಸಿದೆ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮ ಪಂಚರ್ ಅಂಗಡಿಗಳ ಬಾಯಲ್ಲಿ ಇಷ್ಟು ಸಹಜವಾಗಿರುವ ಸ್ಟೆಪ್ನಿ ಎಂಬ ಪದ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಕಾರುಗಳಿಗೆ ಹೆಚ್ಚುವರಿ ಗಾಲಿಯೇ ಇರದಿದ್ದ ಕಾಲದಲ್ಲಿ, 1904ರಲ್ಲಿ, ಡೇವಿಸ್ ಸಹೋದರರು ಸ್ಟೆಪ್ನಿ ಬೀದಿಯ ತಮ್ಮ ಅಂಗಡಿಯಲ್ಲಿ, ಕಡ್ಡಿಗಳಿಲ್ಲದ ಒಂದು ರಿಮ್ಮಿಗೆ ಹವಾ ತುಂಬಿದ ಟೈರು ಕೂರಿಸಿ, ಅದನ್ನು ಪಂಚರಾದ ಗಾಲಿಗೇ ಕ್ಲಾಂಪಿನಿಂದ ಬಿಗಿಯುವ ಸಾಧನವನ್ನು ರೂಪಿಸಿದರು. ಚಾಚಾ ಅವರಿಗೆ ಇದನ್ನು ಹೇಳಿದಾಗ ಅವರು ಚಹಾದ ಕಪ್ಪನ್ನು ಕೆಳಗಿಟ್ಟು, "ಹಂಗಾದ್ರ ಇದು ನಮ್ಮ ಮಾತಲ್ಲೇನ್ರಿ?" ಎಂದು ಸ್ವಲ್ಪ ಬೇಸರಪಟ್ಟುಕೊಂಡರು.

ಮೊದಲು ಕೈಗೆ ಸಿಕ್ಕಿದ್ದು 17 ಇಂಚಿನ ತೆಳು ಸ್ಟೆಪ್ನಿ, 125/80 ಅಳತೆಯದು. ತೂಕ ಕಡಿಮೆ, ಡಿಕ್ಕಿಯಲ್ಲಿ ಜಾಗವೂ ಕಡಿಮೆ. ಇಂಥವುಗಳಲ್ಲಿ ಸಾಮಾನ್ಯವಾಗಿ 60 ಪಿಎಸ್‌ಐ ಹವಾ ಇರಬೇಕು, ವೇಗ ಗಂಟೆಗೆ 80 ಮೀರಬಾರದು. ಮನೆಗೆ ಬಂದು ಲೆಕ್ಕ ಹಾಕಿದೆ. ಟೈರಿನ ಎತ್ತರದ ಲೆಕ್ಕ ಕಷ್ಟದ್ದಲ್ಲ: ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಬಾಜುವಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು; ಆ ಎತ್ತರದ ಎರಡು ಪಟ್ಟಿಗೆ ರಿಮ್ಮಿನ ಅಳತೆ ಕೂಡಿಸಿದರಾಯಿತು. ನನ್ನ 225/50ರ ಟೈರಿನ ಬಾಜು 112.5 ಮಿಲಿಮೀಟರ್, ಎರಡು ಸೇರಿ 225, ರಿಮ್ಮಿನ 17 ಇಂಚು ಎಂದರೆ 431.8, ಒಟ್ಟು ವ್ಯಾಸ 657 ಮಿಲಿಮೀಟರ್ ಹತ್ತಿರ. ತೆಳು ಸ್ಟೆಪ್ನಿಯದು 632. ಇಪ್ಪತ್ತೈದು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಅಲ್ಪವೆನಿಸಿದರೂ, ಹಿಂದಿನ ಗಾಲಿಗಳಿಗೆ ಬಲ ಹೋಗುವ ಗಾಡಿಯಲ್ಲಿ ಒಂದು ಹಿಂಗಾಲಿ ಚಿಕ್ಕದಾದರೆ ನೇರ ರಸ್ತೆಯಲ್ಲೂ ಅದು ಜೊತೆಗಾರನಿಗಿಂತ ಹೆಚ್ಚು ಸುತ್ತು ತಿರುಗಬೇಕು, ಎರಡು ಗಾಲಿಗಳೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿಯಬೇಕು. ಅದನ್ನು ತಪ್ಪಿಸಲು ಹಿಂದಿನದು ಪಂಚರಾದಾಗ ಮುಂದಿನ ಒಳ್ಳೆಯ ಗಾಲಿಯನ್ನು ಹಿಂದಕ್ಕೆ ಹಾಕಿ, ಚಿಕ್ಕದನ್ನು ಮುಂದಕ್ಕೆ ಹಾಕಬೇಕು. ಅಂದರೆ ಎರಡು ಸಲ ಜ್ಯಾಕು, ಹತ್ತು ಬೋಲ್ಟು. ವೈಶಾಖದ ಮಧ್ಯಾಹ್ನ ಜೇವರ್ಗಿ ರಸ್ತೆಯ ಅಂಚಿನಲ್ಲಿ ಅದನ್ನು ಮಾಡುವ ಚಿತ್ರ ಕಣ್ಣ ಮುಂದೆ ಬಂದದ್ದೇ, ಆ ಸ್ಟೆಪ್ನಿಯ ಮೇಲಿನ ಆಸೆ ಹೋಯಿತು. ಊರೊಳಗೇ ಓಡಾಡುವವರಿಗೆ ಅದು ತಕ್ಕದ್ದೇ.

ಐದನೆಯ 17 ಇಂಚಿನ ಅಲಾಯ್ ಕೊಂಡು, ಓಡುತ್ತಿರುವ ನಾಲ್ಕರಂಥದ್ದೇ ಟೈರು ಹಾಕಿಸುವುದು ಎಲ್ಲಕ್ಕಿಂತ ನೇರವಾದ ದಾರಿ. ಆದರೆ ನನ್ನ ಡಿಕ್ಕಿಯ ಹಲಗೆಯ ಕೆಳಗೆ ಒಂದು ಗೇಣಿನಷ್ಟೂ ಆಳವಿಲ್ಲ. ಯಾವ ಗಾಲಿಯಾದರೂ ಹಲಗೆಯ ಮೇಲೆಯೇ ಮಲಗಬೇಕು, ಮತ್ತು ಅಲ್ಲಿ ಒಂದೊಂದು ಬೆರಳಗಲಕ್ಕೂ ಬೆಲೆಯಿದೆ. ಕೊನೆಗೆ ಉತ್ತರ ಸಿಕ್ಕಿದ್ದು ಕಾರಿನೊಂದಿಗೆ ಬಂದ, ನಾನು ಎರಡು ವರ್ಷ ಬಿಚ್ಚದೇ ಇದ್ದ ಕೈಪಿಡಿಯಲ್ಲಿ. ಇದೇ ಮಾದರಿಗೆ ಕಂಪನಿ 16 ಇಂಚಿನ ರಿಮ್ಮಿನ ಮೇಲೆ 205/60 ಅಳತೆಯನ್ನೂ ಒಪ್ಪಿದೆ. ಅದರ ವ್ಯಾಸ 652 ಮಿಲಿಮೀಟರ್. ನನ್ನದಕ್ಕಿಂತ ಶೇಕಡಾ ಒಂದಕ್ಕೂ ಕಡಿಮೆ ವ್ಯತ್ಯಾಸ. ಹಿಂದೆ ಹಾಕಿದರೂ ನಿಧಾನವಾಗಿ ಊರು ಮುಟ್ಟುವಷ್ಟು ದೂರಕ್ಕೆ ಚಿಂತೆಯಿಲ್ಲ. ಅಗಲವೂ 20 ಮಿಲಿಮೀಟರ್ ಕಡಿಮೆ.

ಡಿಸ್ಕು ಹುಡುಕುವುದು ಟೈರಿಗಿಂತ ಕಷ್ಟವಾಯಿತು. ಹೈದರಾಬಾದಿನ ಹಳೆಯ ಬಿಡಿಭಾಗಗಳ ವ್ಯಾಪಾರಿಯೊಬ್ಬರು "ಅದೇ ಕಂಪನಿದು, ಐದೇ ಬೋಲ್ಟ್‌ದು" ಎಂದು ಕಳಿಸಿದ ಮೊದಲ ಡಿಸ್ಕು ಹಬ್ಬಿನ ಮೇಲೆ, ಅಂದರೆ ಗಾಡಿಯಲ್ಲಿ ಗಾಲಿಯನ್ನು ಬಿಗಿಯುವ ನಡುಭಾಗದ ಮೇಲೆ, ಕೂರಲೇ ಇಲ್ಲ. ನನ್ನ ಗಾಡಿಯಲ್ಲಿ ಐದು ಬೋಲ್ಟುಗಳು ನಿಂತಿರುವ ವೃತ್ತದ ವ್ಯಾಸ 120 ಮಿಲಿಮೀಟರ್; ಬಂದದ್ದು ಹೊಸ ಮಾದರಿಯ 112ರದು. ಫೋಟೋದಲ್ಲಿ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ವಾಪಸು ಕಳಿಸಿ, ಈ ಸಲ ನಾಲ್ಕು ಸಂಖ್ಯೆಗಳನ್ನು ಬರೆದು ಕಳಿಸಿದೆ: ಬೋಲ್ಟಿನ ವೃತ್ತ 120, ನಡುವಿನ ತೂತು 72.6, ರಿಮ್ಮಿನ ಅಗಲ 7 ಇಂಚು, ಹಬ್ಬಿಗೆ ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೆಗಿದೆ ಎಂಬುದನ್ನು ಸೂಚಿಸುವ ಆಫ್‌ಸೆಟ್ 31. ನಡುವಿನ ತೂತು ದೊಡ್ಡದಾದರೆ ಗಾಲಿ ಸರಿಯಾಗಿ ನಡುವಿಗೆ ಕೂರದೆ ನಡುಗುತ್ತದೆ. ಆಫ್‌ಸೆಟ್ ತಪ್ಪಿದರೆ ಒಳಗಡೆ ಸಸ್ಪೆನ್ಷನ್ನಿಗೋ ಹೊರಗಡೆ ಮಡ್‌ಗಾರ್ಡಿಗೋ ಟೈರು ಉಜ್ಜುತ್ತದೆ. ಬೋಲ್ಟಿನ ಕುತ್ತಿಗೆಯ ಆಕಾರವನ್ನೂ ನೋಡಬೇಕು. ಕೆಲವು ಕಂಪನಿಗಳದು ಶಂಕುವಿನಂತೆ, ಕೆಲವದು ಗುಂಡಗೆ ಇರುತ್ತದೆ. ಒಂದಕ್ಕೆ ಮಾಡಿದ ಡಿಸ್ಕಿನಲ್ಲಿ ಇನ್ನೊಂದನ್ನು ಬಿಗಿದರೆ ಬಿಗಿದಂತೆ ಅನಿಸುತ್ತದೆಯೇ ಹೊರತು ಪೂರ್ತಿ ಕೂತಿರುವುದಿಲ್ಲ. ಅದೇ ಮಾದರಿಯ ಗಾಡಿಯಿಂದ ಬಿಚ್ಚಿದ ಡಿಸ್ಕು ಎರಡನೆಯ ಸಲ ಬಂತು.

ಟೈರನ್ನು ಮಾತ್ರ ಹೊಸದೇ ಕೊಂಡೆ. ಅದರ ಭಾರಸೂಚಿ 92, ಅಂದರೆ ಒಂದು ಟೈರು ಹೊರಬಲ್ಲ ಭಾರ 630 ಕಿಲೋ. ಓಡುತ್ತಿರುವವುಗಳದು 94, ಅಂದರೆ 670 ಕಿಲೋ. ಬಾಗಿಲ ಕಂಬದ ಫಲಕದಲ್ಲಿದ್ದ ಹಿಂದಿನ ಆಕ್ಸಲ್ಲಿನ ಗರಿಷ್ಠ ಭಾರವನ್ನು ಎರಡರಿಂದ ಭಾಗಿಸಿ, ಅದು 630ರ ಒಳಗೇ ಇದೆಯೆಂದು ನೋಡಿಕೊಂಡ ಮೇಲೆ ಹಣ ಕೊಟ್ಟೆ. ಡಿಸ್ಕು, ಟೈರು ಸೇರಿ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 18 ಕಿಲೋ 600 ಗ್ರಾಂ ತೂಗಿತು.

ರನ್‌ಫ್ಲಾಟ್ ಗಾಡಿಯಲ್ಲಿ ಸ್ಟೆಪ್ನಿ ಮಾತ್ರವಲ್ಲ, ಜ್ಯಾಕೂ ಇರಲಿಲ್ಲ, ಪಾನಾವೂ ಇರಲಿಲ್ಲ. ಕತ್ತರಿ ಜ್ಯಾಕು, 17ರ ಸಾಕೆಟ್ಟು, ಉದ್ದ ಹಿಡಿಯ ಪಾನಾ, ಜ್ಯಾಕಿನ ತಲೆಗೆ ರಬ್ಬರಿನ ಬಿಲ್ಲೆ, ಇಷ್ಟನ್ನು ಬೇರೆಯಾಗಿ ಕೊಂಡು ಒಂದು ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ಅಭ್ಯಾಸಕ್ಕಿಳಿದೆ. ಮಾಡಿ ನೋಡಿದ್ದು ಒಳ್ಳೆಯದಾಯಿತು. ಅಂಗಳದ ನುಣುಪು ಪರ್ಸಿ ಕಲ್ಲಿನ ಮೇಲೆ ಜ್ಯಾಕು ಎರಡು ಬೆರಳು ಜಾರಿತು. ಕೆಳಗೆ ಹಲಗೆಯ ತುಂಡು ಕೊಟ್ಟ ಮೇಲೆ ನಿಂತಿತು. ಇನ್ನೊಂದು ಸಂಗತಿಯೂ ತಿಳಿಯಿತು. ನಮ್ಮಲ್ಲಿ ಹೆಚ್ಚಿನ ಕಾರುಗಳ ಹಬ್ಬಿನಿಂದ ಸ್ಟಡ್ಡುಗಳು ಹೊರಚಾಚಿರುತ್ತವೆ, ಗಾಲಿಯನ್ನು ಅವುಗಳಿಗೆ ತೂಗುಹಾಕಿ ನಟ್ಟು ತಿರುಗಿಸಿದರಾಯಿತು. ನನ್ನದರಲ್ಲಿ ಇರುವುದು ತೂತುಗಳಷ್ಟೇ. ಹದಿನೆಂಟೂವರೆ ಕಿಲೋದ ಗಾಲಿಯನ್ನು ಮೊಣಕಾಲಿನಿಂದ ಎತ್ತಿಹಿಡಿದು, ತೂತಿಗೆ ತೂತು ಕೂಡಿಸಿ, ಇನ್ನೊಂದು ಕೈಯಿಂದ ಮೊದಲ ಬೋಲ್ಟು ಹಚ್ಚಬೇಕು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಮಗಳು ಬಂದು, "ಅಪ್ಪಾ, ತಡಿ" ಎಂದು ಪಾನಾದ ಹಿಡಿಯನ್ನು ಟೈರಿನ ಕೆಳಗೆ ತೂರಿಸಿ ಮೀಟಿದಳು, ಬೋಲ್ಟು ಕೂತಿತು. ಆಮೇಲೆ ಹಬ್ಬಿಗೆ ತಾತ್ಕಾಲಿಕವಾಗಿ ತಿರುಗಿಸಿಕೊಳ್ಳುವ ಗೈಡ್ ಪಿನ್ನೊಂದನ್ನು ತರಿಸಿ ಉಪಕರಣಗಳ ಚೀಲಕ್ಕೆ ಹಾಕಿದ್ದೇನೆ. ಗಾಲಿಯನ್ನು ಕೈಯಿಂದ ತಿರುಗಿಸಿ, ಬ್ರೇಕಿನ ಕ್ಯಾಲಿಪರಿಗೂ 16 ಇಂಚಿನ ರಿಮ್ಮಿಗೂ ನಡುವೆ ಬೆರಳು ಆಡುವಷ್ಟು ಜಾಗವಿದೆಯೆಂದು ಮುಂದೆಯೂ ಹಿಂದೆಯೂ ನೋಡಿಕೊಂಡೆ.

ಸ್ಟೆಪ್ನಿ ಹಾಕಿ ರಾಮಮಂದಿರ ವೃತ್ತದವರೆಗೆ ಹೋಗಿಬಂದೆ. ನನ್ನ ಕಾರು ಟೈರಿನ ಒತ್ತಡವನ್ನು ಗಾಲಿಗಳ ತಿರುಗುವ ವೇಗ ಹೋಲಿಸಿ ಊಹಿಸುವ ಜಾತಿಯದು, ಆದ್ದರಿಂದ ಗಾಲಿ ಬದಲಿಸಿದಾಗಲೆಲ್ಲ ಮೆನುವಿನಲ್ಲಿ ಅದನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಮರುದಿನ ಚಾಚಾ ಅವರಲ್ಲಿ ಹಳೆಯ ಗಾಲಿಯನ್ನು ಮತ್ತೆ ಹಾಕಿಸಿ, ಐದು ಬೋಲ್ಟುಗಳನ್ನೂ 140 ನ್ಯೂಟನ್ ಮೀಟರಿಗೆ ಟಾರ್ಕ್ ಪಾನಾದಿಂದ ಬಿಗಿಸಿದೆ. ಈಗ ಸ್ಟೆಪ್ನಿ ಹಳೆಯ ಜಮಖಾನೆಯಲ್ಲಿ ಸುತ್ತಿಕೊಂಡು ಡಿಕ್ಕಿಯ ಎಡಮೂಲೆಯಲ್ಲಿದೆ. ಜೋರಾಗಿ ಬ್ರೇಕ್ ಹಾಕಿದರೆ ಅಷ್ಟು ತೂಕ ಸೀಟಿನ ಬೆನ್ನಿಗೆ ಬಂದು ಬಡಿಯಬಾರದೆಂದು, ಲಾರಿಯವರು ಬಳಸುವ ಬೆಲ್ಟಿನಿಂದ ನೆಲದ ಕೊಂಡಿಗಳಿಗೆ ಬಿಗಿದಿದ್ದೇನೆ. ಹವಾವನ್ನು ಬೇಕಾದ್ದಕ್ಕಿಂತ ನಾಲ್ಕು ಪಿಎಸ್‌ಐ ಹೆಚ್ಚೇ ತುಂಬಿಸಿಟ್ಟಿದ್ದೇನೆ. ತಿಂಗಳಿಗೊಮ್ಮೆ ನೋಡಿದಾಗ ಒಂದರ ಹತ್ತಿರ ಇಳಿದಿರುತ್ತದೆ. ಹೋದ ವಾರ ಬೀದರಿಗೆ ಮದುವೆಗೆ ಹೊರಟಾಗ ದೊಡ್ಡ ಸೂಟ್‌ಕೇಸು ಡಿಕ್ಕಿಯಲ್ಲಿ ಹಿಡಿಯಲಿಲ್ಲ, ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತುಕೊಂಡು ಬಂತು.